ಮಕ್ಕಳ ಮಾತಿಗೆ ಉತ್ತರ ಕೊಡುವ ಶಾಲೆ

(ಪ್ರೌಢಶಾಲಾ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಸದಸ್ಯರು ಮತ್ತು ವಿದ್ಯಾರ್ಥಿ ಪ್ರತಿನಿಧಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮ ನಿಮ್ಮ ಶಾಲೆಯ ಶಾಲಾ ಸಂಸತ್ತಿನ ಪಟ್ಟಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಗೆ ಅಂಟಿಸಿರುತ್ತದೆ, ಇಲ್ಲವೇ ಜಗುಲಿಯ ಕಪ್ಪುಹಲಗೆಯ ಮೇಲೆ ಬಣ್ಣದಲ್ಲಿ ಬರೆದಿರುತ್ತದೆ. ಮುಖ್ಯಮಂತ್ರಿ ಯಾರು? ಕ್ರೀಡಾ ಮಂತ್ರಿ ಯಾರು? ಸಾಂಸ್ಕೃತಿಕ ಮಂತ್ರಿ, ಸ್ವಚ್ಛತಾ ಮಂತ್ರಿ ಯಾರು? ಯಾವ ಶಾಲೆಗೆ ಹೋದರೂ ಈ ಪಟ್ಟಿ ಓದುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಕ್ರೀಡೆ ಹುಡುಗನ ಪಾಲಿಗೆ, ಸ್ವಚ್ಛತೆ ಮತ್ತು ಸ್ವಾಗತಗೀತೆ ಹುಡುಗಿಯ ಪಾಲಿಗೆ ಬಂದಿರುವುದನ್ನೇ ಹೆಚ್ಚಾಗಿ ನೋಡಿದ್ದೇನೆ. ಇದನ್ನು ಯಾರೂ ಸುತ್ತೋಲೆ ಹೊರಡಿಸಿ ಮಾಡಿದ್ದಲ್ಲ. ಮಕ್ಕಳೇ ಓಟು ಹಾಕಿ ಆರಿಸಿದ್ದು. ಮನೆಯಲ್ಲಿ ಕಂಡದ್ದನ್ನು ಮತಪೆಟ್ಟಿಗೆಗೆ ಹಾಕಿದ್ದಾರೆ, ಅಷ್ಟೆ.

ಹುಡುಗಿಯರಿಗೆ ಹುದ್ದೆಯೇ ಸಿಗುತ್ತಿಲ್ಲ ಎಂದು ನಾನು ದೂರುತ್ತಿಲ್ಲ. ಈಗೀಗ ಎಷ್ಟೋ ಶಾಲೆಗಳಲ್ಲಿ ಹುಡುಗಿಯೇ ಮುಖ್ಯಮಂತ್ರಿ. ಆದರೆ ಆ ಮುಖ್ಯಮಂತ್ರಿ ಕಳೆದ ವರ್ಷ ಯಾವ ವಿಷಯವನ್ನು ತೀರ್ಮಾನ ಮಾಡಿದಳು? ಪ್ರಾರ್ಥನೆಗೆ ಸಾಲು ನಿಲ್ಲಿಸಿದಳು, ಗಣರಾಜ್ಯೋತ್ಸವದ ದಿನ ಅತಿಥಿಗಳಿಗೆ ಹೂಗುಚ್ಛ ಕೊಟ್ಟಳು, ಮೇಷ್ಟ್ರು ಬಾರದ ಪೀರಿಯಡ್‌ನಲ್ಲಿ ಗಲಾಟೆ ಮಾಡಿದವರ ಹೆಸರು ಬರೆದಳು. ಈ ವರ್ಷ ಯಾವ ಆಟದ ಸಾಮಾನು ತರಬೇಕು ಎಂದು ಅವಳನ್ನು ಯಾರಾದರೂ ಕೇಳಿದರೇ? ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಆಫೀಸಿನ ಮೊಳೆಯಲ್ಲಿ ತೂಗಾಡುತ್ತಿರುತ್ತದೆ. ಮುಟ್ಟಾದ ಹುಡುಗಿ ಅಲ್ಲಿಗೆ ಹೋಗಿ, ಮೂರು ಜನ ಮೇಷ್ಟ್ರ ಎದುರಿಗೆ ನಿಂತು ಅದನ್ನು ಕೇಳಬೇಕು. ಆ ಕೈ ಎಲ್ಲಿದ್ದರೆ ಚೆನ್ನ ಎಂದು ಅವಳನ್ನು ಕೇಳಿದರೇ? ಜಗುಲಿಯಲ್ಲಿ ಸಲಹಾ ಪೆಟ್ಟಿಗೆ ಇದೆ, ಸರಿ. ಅದನ್ನು ಯಾವ ವಾರ, ಯಾರ ಎದುರಿಗೆ ತೆರೆಯುತ್ತೀರಿ? ಒಳಗಿದ್ದ ಚೀಟಿಗೆ ಏನು ಉತ್ತರ ಹೋಯಿತು?

ಈ ಕೊನೆಯ ಪ್ರಶ್ನೆಯನ್ನೇ ಹಿಡಿದುಕೊಂಡು ನಾನು ಇವತ್ತು ಮಾತಾಡಬೇಕೆಂದು ಬಂದಿದ್ದೇನೆ. ಲಿಂಗ ಸಮಾನತೆಯ ವಿಷಯದಲ್ಲಿ ಮಕ್ಕಳು ಮುಂದೆ ನಿಲ್ಲಲಿ ಎಂದು ಎಲ್ಲರೂ ಹೇಳುತ್ತೇವೆ. ಹೇಳಿ ಪ್ರಬಂಧ ಸ್ಪರ್ಧೆ ಇಡುತ್ತೇವೆ, ಜಾಥಾ ಮಾಡಿಸುತ್ತೇವೆ, ಬಿಸಿಲಲ್ಲಿ ಘೋಷಣೆ ಕೂಗಿಸುತ್ತೇವೆ. ಅದರಿಂದ ಮಕ್ಕಳು ಮಾತಾಡುವುದನ್ನು ಕಲಿಯುತ್ತಾರೆ, ಬೇಡ ಎನ್ನುವುದಿಲ್ಲ. ಆದರೆ ತಾವು ಕಂಡ ಅನ್ಯಾಯವನ್ನು ಹೇಳಲು ಮಕ್ಕಳಿಗೆ ಒಂದು ಖಾಯಂ ಜಾಗ ಇರಬೇಕು, ಹೇಳಿದ ಮೇಲೆ ದೊಡ್ಡವರು ಗೊತ್ತಾದ ದಿನದೊಳಗೆ ಉತ್ತರ ಕೊಡಬೇಕು. ಇವೆರಡೂ ಇದ್ದರೆ ಮಾತ್ರ ಅದನ್ನು ಮುಂದಾಳತ್ವ ಎನ್ನುತ್ತೇನೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಮ್ಮ ದೇಶ 1992ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ 12ನೇ ವಿಧಿ ಹೇಳುವುದೂ ಇದನ್ನೇ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿಗೆ ಅಭಿಪ್ರಾಯ ಹೇಳುವ ಹಕ್ಕಿದೆ, ಆ ಅಭಿಪ್ರಾಯಕ್ಕೆ ಮಗುವಿನ ವಯಸ್ಸು ಮತ್ತು ಪ್ರೌಢಿಮೆಗೆ ತಕ್ಕ ತೂಕ ಸಿಗಬೇಕು. ನಾವು ಹಕ್ಕಿನ ತನಕ ಬಂದು ನಿಂತಿದ್ದೇವೆ, ತೂಕದ ಮಾತು ಹಾಗೇ ಉಳಿದಿದೆ.

ಎಲ್ಲಿಂದ ಶುರು ಮಾಡುವುದು? ಮೈದಾನದಿಂದ ಶುರು ಮಾಡಿ. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಿಗೆ ಹೇಳುತ್ತಿದ್ದೇನೆ, ಮೇಷ್ಟ್ರುಗಳು ಕೇಳಿಸಿಕೊಳ್ಳಲಿ. ಒಂದು ಹಾಳೆಯಲ್ಲಿ ನಿಮ್ಮ ಶಾಲೆಯ ಮೈದಾನದ ನಕ್ಷೆ ಬರೆಯಿರಿ. ಆಟದ ಪೀರಿಯಡ್‌ನಲ್ಲಿ ಹತ್ತು ನಿಮಿಷಕ್ಕೊಮ್ಮೆ ಯಾರು ಎಲ್ಲಿದ್ದಾರೆ ಎಂದು ಗುರುತು ಹಾಕಿ. ಹುಡುಗರಿಗೆ ಒಂದು ಬಣ್ಣ, ಹುಡುಗಿಯರಿಗೆ ಇನ್ನೊಂದು. ಎರಡು ವಾರ ಮಾಡಿ ಸಾಕು. ಕ್ರಿಕೆಟ್ ಎಷ್ಟು ಜಾಗ ತಿನ್ನುತ್ತದೆ, ಬೇವಿನ ಮರದ ಕೆಳಗೆ ಎಷ್ಟು ಜನ ಹುಡುಗಿಯರು ಸುಮ್ಮನೆ ಕೂತಿದ್ದಾರೆ, ಆ ಹೊತ್ತಿನಲ್ಲಿ ಯಾರು ಸ್ಟಾಫ್ ರೂಮಿಗೆ ನೀರು ತಂದಿಡುತ್ತಿದ್ದಾರೆ, ಎಲ್ಲ ಹಾಳೆಯ ಮೇಲೆ ಬಂದು ಕೂರುತ್ತದೆ. "ನಮ್ಮ ಶಾಲೆಯಲ್ಲಿ ಭೇದಭಾವ ಇಲ್ಲ" ಎಂದು ಯಾರಾದರೂ ಹೇಳಿದರೆ ವಾದ ಮಾಡಬೇಡಿ, ಹಾಳೆ ತೋರಿಸಿ.

ಹೀಗೆಯೇ ಎಣಿಸಬಹುದಾದ್ದು ಎಷ್ಟೋ ಇದೆ. ತರಗತಿ ಗುಡಿಸುವ ಪಾಳಿ, ವಿಜ್ಞಾನದ ಪ್ರಯೋಗದಲ್ಲಿ ಉಪಕರಣ ಮುಟ್ಟುವವರು ಮತ್ತು ಪಕ್ಕದಲ್ಲಿ ನಿಂತು ಬರೆದುಕೊಳ್ಳುವವರು, ಕಷ್ಟದ ಲೆಕ್ಕಕ್ಕೆ ಬೋರ್ಡಿನ ಹತ್ತಿರ ಕರೆಸಿಕೊಳ್ಳುವವರು. ಎಣಿಕೆಯಲ್ಲಿ ದೊಡ್ಡ ಶಕ್ತಿ ಇದೆ. ಹದಿಮೂರು ವರ್ಷದ ಹುಡುಗಿ "ನಮಗೆ ಆಡಲು ಬಿಡುವುದಿಲ್ಲ" ಎಂದರೆ ಅದು ಗೊಣಗಾಟ ಎನಿಸಿಕೊಳ್ಳುತ್ತದೆ. ಅವಳೇ ಎರಡು ವಾರದ ನಕ್ಷೆ ಹಿಡಿದು ನಿಂತರೆ ಎಸ್‌ಡಿಎಂಸಿ ಸಭೆಯಲ್ಲಿ ಕುರ್ಚಿ ಎಳೆದುಕೊಂಡು ನೋಡುತ್ತಾರೆ. ಆ ನಕ್ಷೆಯನ್ನು ಹುಡುಗ ಹುಡುಗಿಯರು ಸೇರಿ ಬರೆಯಬೇಕು ಎನ್ನುವುದು ಮುಖ್ಯ. ತಾನು ಆಡುವ ಜಾಗದ ಅಳತೆ ಹುಡುಗನ ಕೈಯಿಂದಲೇ ಆದಾಗ ಅವನಿಗೆ ಅದು ಬೇರೆ ರೀತಿಯಲ್ಲಿ ಅರ್ಥವಾಗುತ್ತದೆ.

ಮನೆಯ ಲೆಕ್ಕಕ್ಕೂ ಇದೇ ಉಪಾಯ. ನಮ್ಮ ಸರ್ಕಾರದ ಅಂಕಿಅಂಶ ಇಲಾಖೆ ದೇಶದ ಜನ ದಿನದ ಇಪ್ಪತ್ನಾಲ್ಕು ಗಂಟೆ ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡುತ್ತದೆ. 2019ರಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೆಲಸ ಮಾಡುತ್ತಿದ್ದರು, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದು 289ಕ್ಕೆ ಇಳಿಯಿತು. ಪರವಾಗಿಲ್ಲ, ಗಂಡಸರು ಕೈ ಹಚ್ಚಿದ್ದಾರೆ ಎಂದು ನೀವು ಅಂದುಕೊಳ್ಳಬಹುದು. ಇಲ್ಲ, ಗಂಡಸರದೂ 88ಕ್ಕೆ ಇಳಿದಿದೆ. ಇನ್ನೊಂದು ಮಾತು: ಈ 88 ನಿಮಿಷ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ, ಒಂದು ಲೋಟವನ್ನೂ ಎತ್ತಿಡದವರು ಆ ಲೆಕ್ಕದಲ್ಲೇ ಇಲ್ಲ. ನಿಮ್ಮ ತರಗತಿಯ ಮಕ್ಕಳು ಒಂದು ವಾರ ತಮ್ಮ ತಮ್ಮ ಮನೆಯ ಗಡಿಯಾರ ನೋಡಿ ಬರೆದರೆ ಇದೇ ಸಮೀಕ್ಷೆಯ ಚಿಕ್ಕ ಪ್ರತಿ ಸಿದ್ಧವಾಗುತ್ತದೆ. ಗಣಿತದ ಮೇಷ್ಟ್ರಿಗೆ ಸಂಖ್ಯಾಶಾಸ್ತ್ರದ ಪಾಠವೂ ಆಯಿತು.

ಇದೆಲ್ಲದರಿಂದ ನಿಜವಾಗಿ ಏನಾದರೂ ಬದಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕು. ಅದಕ್ಕೆ ಹರಿಯಾಣದ ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 834 ಹೆಣ್ಣುಮಕ್ಕಳು ಮಾತ್ರ ಇದ್ದ ರಾಜ್ಯ ಅದು. ಅಲ್ಲಿ ಸೋನಿಪತ್, ಪಾಣಿಪತ್, ರೋಹ್ತಕ್, ಝಜ್ಜರ್ ಎಂಬ ನಾಲ್ಕು ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ 2014ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದು ಕಾರ್ಯಕ್ರಮ ನಡೆಸಿತು. ಹುಡುಗ ಹುಡುಗಿಯರು ಒಟ್ಟಿಗೆ ಕೂತು ಚರ್ಚೆ ಮಾಡುವುದು, ಅಷ್ಟೇ. ಮನೆಗೆಲಸ ಯಾರದ್ದು, ಹುಡುಗ ಯಾಕೆ ಅಳಬಾರದು, ಅಕ್ಕನ ಓದು ಯಾಕೆ ನಿಂತಿತು, ಇಂಥವು. ಅದರ ಫಲ ತಿಳಿಯಲು 314 ಶಾಲೆಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಕೆಲವಕ್ಕೆ ಈ ಪಾಠ ಕೊಟ್ಟು, ಉಳಿದವಕ್ಕೆ ಕೊಡದೆ, ಎರಡನ್ನೂ ಹೋಲಿಸಿದರು. ದಿವಾ ಧರ್, ತರುಣ್ ಜೈನ್ ಮತ್ತು ಸೀಮಾ ಜಯಚಂದ್ರನ್ ಮಾಡಿದ ಈ ಅಧ್ಯಯನ 2022ರಲ್ಲಿ ಅರ್ಥಶಾಸ್ತ್ರದ ಒಂದು ದೊಡ್ಡ ಪತ್ರಿಕೆಯಲ್ಲಿ ಪ್ರಕಟವಾಯಿತು.

ಫಲ ಏನು? ಹೆಣ್ಣನ್ನು ಕಟ್ಟಿಹಾಕುವ ಅಭಿಪ್ರಾಯಗಳಲ್ಲಿ ಸುಮಾರು ನೂರಕ್ಕೆ ಹದಿನಾರು ಬದಲಾದವು. ಪಾಠ ನಿಂತು ಎರಡು ವರ್ಷ ಕಳೆದ ಮೇಲೆ ಮತ್ತೆ ಹೋಗಿ ಕೇಳಿದಾಗಲೂ ಆ ಬದಲಾವಣೆ ಹಾಗೇ ಉಳಿದಿತ್ತು. ಹುಡುಗರು ತಾವು ಮನೆಗೆಲಸ ಹೆಚ್ಚು ಮಾಡುತ್ತಿದ್ದೇವೆ ಎಂದರು. ನೂರಕ್ಕೆ ಹದಿನಾರು ಅಂದರೆ ಸಣ್ಣ ಸಂಖ್ಯೆ ಎಂದು ಕೆಲವರಿಗೆ ಅನಿಸಬಹುದು. ತಲೆತಲಾಂತರದಿಂದ ಬಂದ ನಂಬಿಕೆಯ ಮೇಲೆ, ಮೂರು ವಾರಕ್ಕೊಮ್ಮೆ ಮುಕ್ಕಾಲು ಗಂಟೆಯ ಮಾತುಕತೆಯಿಂದ ಇಷ್ಟಾಯಿತು ಎನ್ನುವುದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಇನ್ನೊಂದು ವಿಷಯ ಇದೆ. ಅಭಿಪ್ರಾಯ ಇಬ್ಬರದೂ ಬದಲಾಯಿತು, ಆದರೆ ನಡವಳಿಕೆ ಹುಡುಗಿಯರಿಗಿಂತ ಹುಡುಗರದು ಹೆಚ್ಚು ಬದಲಾಯಿತು. ಯೋಚಿಸಿದರೆ ಕಾರಣ ಹೊಳೆಯುತ್ತದೆ. ಹುಡುಗ ಮನಸ್ಸು ಮಾಡಿದರೆ ಸಂಜೆಯೇ ಪಾತ್ರೆ ತೊಳೆಯಬಹುದು, ಅವನನ್ನು ತಡೆಯುವವರು ಕಡಿಮೆ. ಹುಡುಗಿ ಮನಸ್ಸು ಮಾಡಿದರೂ ಸಂಜೆ ಆರರ ಮೇಲೆ ಗ್ರಂಥಾಲಯಕ್ಕೆ ಹೋಗಲಾರಳು, ಅವಳ ದಾರಿಯಲ್ಲಿ ಅಪ್ಪ, ಅಣ್ಣ, ಊರು, ಬಸ್ಸು ಎಲ್ಲ ಇವೆ. ಹಾಗಾಗಿ ಹುಡುಗಿಯರಿಗೆ ಧೈರ್ಯ ಹೇಳಿಕೊಟ್ಟು ಕೈ ತೊಳೆದುಕೊಳ್ಳುವುದು ಅವರಿಗೆ ಮಾಡುವ ಅನ್ಯಾಯ. ಧೈರ್ಯ ಅವರಲ್ಲಿ ಬೇಕಾದಷ್ಟಿದೆ. ದಾರಿ ತೆರವು ಮಾಡುವ ಕೆಲಸ ನಮ್ಮದು.

ಅದೇ ಹರಿಯಾಣದ ಇನ್ನೊಂದು ಪ್ರಸಂಗ ಕೇಳಿ. ರೇವಾಡಿ ಜಿಲ್ಲೆಯ ಗೋಠಡಾ ಟಪ್ಪಾ ಡಹೀನಾ ಎಂಬ ಹಳ್ಳಿ. ಅಲ್ಲಿನ ಸರ್ಕಾರಿ ಶಾಲೆ ಹತ್ತನೇ ತರಗತಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಮೂರು ಕಿಲೋಮೀಟರ್ ಆಚೆಯ ಊರಿಗೆ ಹೋಗಬೇಕು, ದಾರಿಯುದ್ದಕ್ಕೂ ಬೈಕಿನಲ್ಲಿ ಬಂದು ಚುಡಾಯಿಸುವವರು. 2017ರ ಮೇ ತಿಂಗಳಲ್ಲಿ, ಉರಿಬಿಸಿಲಿನಲ್ಲಿ, ಆ ಊರಿನ ಹೆಣ್ಣುಮಕ್ಕಳು ಶಾಲೆಯ ಹತ್ತಿರ ಕೂತರು, ಅವರಲ್ಲಿ ಕೆಲವರು ಉಪವಾಸ ಶುರು ಮಾಡಿದರು. ನಮ್ಮ ಊರಿನ ಶಾಲೆಯನ್ನೇ ಹನ್ನೆರಡನೇ ತರಗತಿಯವರೆಗೆ ಏರಿಸಿ ಎಂಬ ಒಂದೇ ಬೇಡಿಕೆ. ಕೆಲವರು ಬಳಲಿ ಆಸ್ಪತ್ರೆ ಸೇರಿದರೂ ಕದಲಲಿಲ್ಲ. ಒಂದು ವಾರ ಕಳೆಯುವ ಹೊತ್ತಿಗೆ ರಾಜ್ಯ ಸರ್ಕಾರ ಒಪ್ಪಿ ಆದೇಶ ಹೊರಡಿಸಿತು.

ಈ ಪ್ರಸಂಗವನ್ನು ನಾನು ಹೆಮ್ಮೆಯಿಂದಲೂ ಹೇಳುತ್ತೇನೆ, ನೋವಿನಿಂದಲೂ ಹೇಳುತ್ತೇನೆ. ಆ ಮಕ್ಕಳು ಸಮಸ್ಯೆಯನ್ನು ಎಷ್ಟು ಸರಿಯಾಗಿ ಹಿಡಿದರು ನೋಡಿ. ನಮಗೆ ಕಾವಲು ಕೊಡಿ ಎನ್ನಲಿಲ್ಲ, ಅಣ್ಣಂದಿರನ್ನು ಜೊತೆಗೆ ಕಳಿಸಿ ಎನ್ನಲಿಲ್ಲ, ಶಾಲೆಯೇ ಇಲ್ಲಿಗೆ ಬರಲಿ ಎಂದರು. ದೊಡ್ಡವರ ಯಾವ ಸಮಿತಿಯೂ ಇದಕ್ಕಿಂತ ಒಳ್ಳೆಯ ಪರಿಹಾರ ಬರೆಯುತ್ತಿರಲಿಲ್ಲ. ಆದರೆ ಹದಿನಾರು ವರ್ಷದ ಮಕ್ಕಳು ಅನ್ನ ಬಿಟ್ಟು ಕೂರುವ ತನಕ ಅವರ ಮಾತು ಯಾರಿಗೂ ಕೇಳಿಸಲಿಲ್ಲವಲ್ಲ! ಉತ್ತರ ಕೊಡುವ ವ್ಯವಸ್ಥೆ ಇಲ್ಲದ ಕಡೆ ಮಕ್ಕಳು ಮೈಯನ್ನೇ ಪಣಕ್ಕಿಡಬೇಕಾಗುತ್ತದೆ. ಅಂಥ ಸ್ಥಿತಿ ನಮ್ಮ ಶಾಲೆಗಳಲ್ಲಿ ಬರಬಾರದು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಮಕ್ಕಳ ಮುಂದಾಳತ್ವ ಎಂದರೆ ಹೊರದೇಶದ ಸಂಸ್ಥೆಗಳು ತಂದ ಹೊಸ ಮಾತು ಎಂದು ಹೇಳುವವರಿದ್ದಾರೆ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1848ರಲ್ಲಿ. ಅವರ ಶಾಲೆಯಲ್ಲಿ ಮುಕ್ತಾ ಸಾಳ್ವೆ ಎಂಬ, ಮಾಂಗ ಎಂಬ ದಲಿತ ಸಮುದಾಯದ ಹುಡುಗಿ ಓದುತ್ತಿದ್ದಳು. 1855ರಲ್ಲಿ, ಹದಿನಾಲ್ಕರ ಆಸುಪಾಸಿನ ವಯಸ್ಸಿನಲ್ಲಿ, ಮಾಂಗ ಮತ್ತು ಮಹಾರ ಜನರ ದುಃಖವನ್ನು ಕುರಿತು ಒಂದು ಪ್ರಬಂಧ ಬರೆದಳು. ಜ್ಞಾನೋದಯ ಪತ್ರಿಕೆ ಅದನ್ನು ಅಚ್ಚು ಹಾಕಿತು. ವೇದ ಓದುವ ಹಕ್ಕು ನಮಗಿಲ್ಲ ಎಂದಮೇಲೆ ನಮ್ಮ ಧರ್ಮ ಯಾವುದು ಎಂದು ಆ ಹುಡುಗಿ ನೇರವಾಗಿ ಕೇಳಿದಳು. ತನ್ನ ಸಮುದಾಯದ ಹೆಂಗಸರು ಹೆರಿಗೆಯ ಹೊತ್ತಿನಲ್ಲಿ ತಲೆಯ ಮೇಲೆ ಸೂರಿಲ್ಲದೆ ಪಡುವ ಪಾಡನ್ನು ಬರೆದಳು. ಜಾತಿ ಮತ್ತು ಹೆಣ್ತನ ಒಂದೇ ಮೈಮೇಲೆ ಹೇಗೆ ಭಾರವಾಗುತ್ತವೆ ಎಂದು ಅಂದೇ ಅವಳಿಗೆ ಗೊತ್ತಿತ್ತು. ಇವತ್ತೂ ನಮ್ಮ ಶಾಲೆಗಳಲ್ಲಿ "ಹುಡುಗಿಯರು" ಎಂದು ಒಟ್ಟಾಗಿ ಹೇಳಿಬಿಟ್ಟರೆ ಆಗುವುದಿಲ್ಲ. ಶೌಚಾಲಯ ತೊಳೆಯಲು ಯಾವ ಹುಡುಗಿಯನ್ನು ಕಳಿಸುತ್ತಾರೆ, ಆರತಿ ತಟ್ಟೆ ಹಿಡಿಯಲು ಯಾವ ಹುಡುಗಿಯನ್ನು ಕರೆಯುತ್ತಾರೆ, ಇದನ್ನೂ ಮಕ್ಕಳ ಎಣಿಕೆಯಲ್ಲಿ ಸೇರಿಸಿ. ಮುಕ್ತಾಳಿಗೆ ಶಾಲೆ ಕೊಟ್ಟದ್ದು ಅಕ್ಷರ ಮತ್ತು ಅಚ್ಚಾಗುವ ಅವಕಾಶ. ಪ್ರಶ್ನೆ ಅವಳದೇ ಆಗಿತ್ತು.

ಈಗ ಹುಡುಗರ ವಿಷಯಕ್ಕೆ ಬರುತ್ತೇನೆ. ಲಿಂಗ ಸಮಾನತೆಯ ಕಾರ್ಯಕ್ರಮ ಎಂದ ಕೂಡಲೇ ಹುಡುಗರನ್ನು ಮೈದಾನಕ್ಕೆ ಕಳಿಸಿ, ಹುಡುಗಿಯರನ್ನು ಸಭಾಂಗಣಕ್ಕೆ ಕರೆಯುವ ಪದ್ಧತಿ ಇದೆ. ಮುಟ್ಟಿನ ಪಾಠದ ದಿನವಂತೂ ಇದು ಖಂಡಿತ. ಹೊರಗೆ ಹೋದ ಹುಡುಗ ಏನು ಕಲಿತ? ಇದು ಮುಚ್ಚಿಡಬೇಕಾದ ವಿಷಯ, ತನಗೆ ಸಂಬಂಧವಿಲ್ಲದ್ದು ಎಂದು ಕಲಿತ. ನಾಳೆ ತಂಗಿಯ ಲಂಗದ ಮೇಲೆ ಕಲೆ ಕಂಡರೆ ಅವನು ನಗುತ್ತಾನೆ, ನಗಲು ನಾವೇ ಕಲಿಸಿದ್ದೇವೆ.

ನೆರೆಯ ಕೇರಳದಲ್ಲಿ ಕೆಲವು ಒಳ್ಳೆಯ ಕೆಲಸಗಳಾಗಿವೆ. ಎರ್ನಾಕುಲಂ ಜಿಲ್ಲೆಯ ವಳಯನ್‌ಚಿರಂಗರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹುಡುಗ ಹುಡುಗಿಯರಿಬ್ಬರಿಗೂ ಒಂದೇ ಬಗೆಯ ಮುಕ್ಕಾಲು ಚಡ್ಡಿ ಮತ್ತು ಅಂಗಿ ಸಮವಸ್ತ್ರವಾಯಿತು. ಮಕ್ಕಳಿಗೆ ಓಡಲು, ಹತ್ತಲು, ಕುಪ್ಪಳಿಸಲು ಅನುಕೂಲ ಎನ್ನುವುದೇ ಅದರ ಹಿಂದಿನ ವಿಚಾರ. 2024ರಲ್ಲಿ ಬಂದ ಅಲ್ಲಿನ ಮೂರನೇ ತರಗತಿಯ ಪಠ್ಯಪುಸ್ತಕದಲ್ಲಿ ಅಡುಗೆಮನೆಯ ಚಿತ್ರ ಇದೆ, ಅದರಲ್ಲಿ ಅಪ್ಪ ನೆಲದ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಾನೆ. ಒಂದು ಚಿತ್ರದಿಂದ ಏನಾಗುತ್ತದೆ ಎನ್ನಬೇಡಿ. ನಮ್ಮ ಮಕ್ಕಳು ತಮ್ಮ ಪಠ್ಯಪುಸ್ತಕ ತೆರೆದು, ಯಾವ ಚಿತ್ರದಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಪಟ್ಟಿ ಮಾಡಲಿ, ಪಟ್ಟಿಯನ್ನು ಪಠ್ಯಪುಸ್ತಕ ಸಂಘಕ್ಕೆ ಕಳಿಸಲಿ. ಒಂಬತ್ತನೇ ತರಗತಿಯ ಮಕ್ಕಳು ಬರೆದ ಇಂಥ ಒಂದು ಪತ್ರವನ್ನು ಓದಲು ನನಗೆ ತುಂಬ ಆಸೆ.

ಹುಡುಗರ ನಡುವೆಯೇ ನಲುಗುವ ಮಕ್ಕಳ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ. ದನಿ ಮೆತ್ತಗಿರುವ ಹುಡುಗ, ಹುಡುಗಿಯರ ಜೊತೆ ಆಡುವ ಹುಡುಗ, ಒಳಗೆ ತಾನು ಹೆಣ್ಣು ಎಂದು ಅರಿತ ಮಗು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮೊದಲ ಲಿಂಗತ್ವ ಅಲ್ಪಸಂಖ್ಯಾತರು, ಪದ್ಮಶ್ರೀ ಮಂಜಮ್ಮ ಜೋಗತಿ ಅವರನ್ನು ಇವತ್ತು ನಾವು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಅವರು ಹದಿಹರೆಯದಲ್ಲಿ ಮನೆಯಲ್ಲಿ, ಊರಿನಲ್ಲಿ ಪಟ್ಟ ಪಾಡನ್ನು ಅವರ ಬಾಯಿಂದಲೇ ಕೇಳಿದವರು ನಿಮ್ಮಲ್ಲೂ ಇರಬಹುದು. ನಾಳೆಯ ಮಂಜಮ್ಮ ಇವತ್ತು ನಿಮ್ಮ ಏಳನೇ ತರಗತಿಯ ಕೊನೆಯ ಬೆಂಚಿನಲ್ಲಿ ಅಡ್ಡಹೆಸರು ಕೇಳಿಸಿಕೊಂಡು ಕೂತಿರಬಹುದು. ಆ ಅಡ್ಡಹೆಸರನ್ನು ನಿಲ್ಲಿಸುವ ಶಕ್ತಿ ಮೇಷ್ಟ್ರ ಬೆತ್ತಕ್ಕಿಂತ ಪಕ್ಕದಲ್ಲಿ ಕೂತ ಗೆಳೆಯನಿಗೆ ಹೆಚ್ಚು. ಮುಂದಾಳತ್ವ ಎಂದರೆ ಮೈಕಿನ ಮುಂದೆ ನಿಲ್ಲುವುದು ಮಾತ್ರ ಎಂದು ಮಕ್ಕಳು ತಿಳಿದಿದ್ದಾರೆ. "ಹಾಗೆ ಕರೀಬೇಡ ಕಣೋ" ಎಂದು ಗುಂಪಿನಲ್ಲಿ ಹೇಳುವ ಹುಡುಗನನ್ನು ನಾನು ಆ ಸಾಲಿನಲ್ಲಿ ಮೊದಲು ನಿಲ್ಲಿಸುತ್ತೇನೆ.

ಇನ್ನು ಕಠಿಣ ವಿಷಯ, ಬಾಲ್ಯವಿವಾಹ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2015-16ರಲ್ಲಿ ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ನೂರಕ್ಕೆ 21.4. ಮುಂದಿನ ಸಮೀಕ್ಷೆ, 2019-21ರದ್ದು, 21.3. ದೇಶದ ಸರಾಸರಿ ಆ ಅವಧಿಯಲ್ಲಿ 26.8ರಿಂದ 23.3ಕ್ಕೆ ಇಳಿಯಿತು, ನಾವು ನಿಂತಲ್ಲೇ ನಿಂತೆವು. ಕಾನೂನು ಇಲ್ಲವೆಂದಲ್ಲ. 2006ರ ಕೇಂದ್ರ ಕಾಯ್ದೆಗೆ ನಮ್ಮ ರಾಜ್ಯ ತಿದ್ದುಪಡಿ ತಂದು, ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಕರ್ನಾಟಕದ ಈ ಕ್ರಮವನ್ನು ಮೆಚ್ಚಿ, ಬೇರೆ ರಾಜ್ಯಗಳೂ ಅನುಸರಿಸಲಿ ಎಂದಿತು. ಕಾಗದದ ಮೇಲೆ ನಾವು ಮುಂದೆ ಇದ್ದೇವೆ.

ಗೆಳತಿಯ ಮದುವೆ ಗೊತ್ತಾಗಿದೆ ಎಂಬ ಸುದ್ದಿ ಮೊದಲು ಯಾರಿಗೆ ತಿಳಿಯುತ್ತದೆ? ಪೊಲೀಸರಿಗಲ್ಲ, ತಹಶೀಲ್ದಾರರಿಗಲ್ಲ, ಪಕ್ಕದ ಬೆಂಚಿನ ಹುಡುಗಿಗೆ. ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ, ಬೀಡಿ ಕಟ್ಟುತ್ತಿದ್ದ ರೇಖಾ ಕಾಲಿಂದಿ ಎಂಬ ಹುಡುಗಿ ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ತನಗೆ ಗೊತ್ತು ಮಾಡಿದ ಮದುವೆಯನ್ನು ಒಲ್ಲೆ ಎಂದಳು. ಬಾಲಕಾರ್ಮಿಕರಿಗಾಗಿ ತೆರೆದಿದ್ದ ಶಾಲೆಯ ಗೆಳತಿಯರು, ಶಿಕ್ಷಕರು, ಅಧಿಕಾರಿಗಳು ಅವಳ ಬೆನ್ನಿಗೆ ನಿಂತರು. ಅವಳನ್ನು ನೋಡಿ ಆ ಜಿಲ್ಲೆಯ ಇತರ ಹುಡುಗಿಯರೂ ಒಲ್ಲೆ ಎಂದರು. 2010ರಲ್ಲಿ ಅವಳಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು.

ಆದರೆ ಶಿಕ್ಷಕರಲ್ಲಿ ಕೈಮುಗಿದು ಹೇಳುತ್ತೇನೆ, ನಿಮ್ಮ ಶಾಲೆಯ ಹುಡುಗಿಯನ್ನು ಇನ್ನೊಬ್ಬರ ಮದುವೆ ತಡೆಯಲು ಮಂಟಪಕ್ಕೆ ಕಳಿಸಬೇಡಿ. ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಆಮೇಲೆ ಅವಳು ಅದೇ ಓಣಿಯಲ್ಲಿ ಬದುಕಬೇಕು. ಸುದ್ದಿ ತಂದುಕೊಡುವ ತನಕ ಮಗುವಿನ ಕೆಲಸ, ಆಮೇಲಿನದ್ದು ನಮ್ಮದು. ನಮ್ಮ ರಾಜ್ಯದಲ್ಲಿ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನೂ ಬಾಲ್ಯವಿವಾಹ ನಿಷೇಧ ಅಧಿಕಾರಿ ಎಂದು ನೇಮಿಸಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗಬೇಕಾದ್ದು ನಿಮ್ಮ ಫೋನಿನಿಂದ, ಹೇಳಿದ ಮಗುವಿನ ಹೆಸರು ಎಲ್ಲಿಯೂ ಬಾಯಿಬಿಡದೆ. ಮಕ್ಕಳಿಗೆ ಮುಂದಾಳತ್ವ ಕೊಡುವುದು ಎಂದರೆ ಅಪಾಯವನ್ನು ಅವರ ಹೆಗಲಿಗೆ ದಾಟಿಸುವುದಲ್ಲ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿಗೆ ಬರುವುದಿಲ್ಲ.

ಉತ್ತರ ಕೊಡುವ ವ್ಯವಸ್ಥೆ ಎಂದೆನಲ್ಲ, ಅದಕ್ಕೆ ನಾವು ಎಲ್ಲಿಗೂ ಹೋಗಿ ಹುಡುಕಬೇಕಾಗಿಲ್ಲ. 1990ರಲ್ಲಿ ಕರ್ನಾಟಕದ ದುಡಿಯುವ ಮಕ್ಕಳು ಭೀಮ ಸಂಘ ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡರು. ತೊಂಬತ್ತರ ದಶಕದ ನಡುವಿನಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿ ಮೊದಲಾದ ಕಡೆ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಮಕ್ಕಳೇ ಓಟು ಹಾಕಿ ಪ್ರತಿನಿಧಿಗಳನ್ನು ಆರಿಸಿದರು, ಅಧಿಕಾರಿಗಳ ಎದುರು ಕೂತು ಶಾಲೆ, ಅಂಗನವಾಡಿ, ಹಳ್ಳ ದಾಟುವ ಕಾಲುಸಂಕದ ವಿಷಯ ಎತ್ತಿದರು. ಆ ಅನುಭವದ ಬೆನ್ನಿಗೇ ಇವತ್ತಿನ ಮಕ್ಕಳ ಗ್ರಾಮ ಸಭೆ ಬಂದದ್ದು. ಈಗ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯೊಳಗೆ, ಇದನ್ನು ನಡೆಸಬೇಕು.

ಎಷ್ಟೋ ಕಡೆ ಇದು ಹೇಗೆ ನಡೆಯುತ್ತದೆಂದು ನಿಮಗೂ ಗೊತ್ತು. ಅರ್ಧ ದಿನ ಸ್ವಾಗತ, ದೀಪ ಬೆಳಗುವುದು, ಗಣ್ಯರ ಭಾಷಣ. ಮಕ್ಕಳ ಪಾಲಿಗೆ ಉಳಿಯುವುದು ಊಟಕ್ಕೆ ಮುಂಚಿನ ಕಾಲು ಗಂಟೆ. ಅದರಲ್ಲಿ ಒಬ್ಬ ಹುಡುಗ ಎದ್ದು ಕಾಂಪೌಂಡ್ ಬೇಕು ಎನ್ನುತ್ತಾನೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಲಿ ಎನ್ನುತ್ತಾರೆ. ಹಾಗಾಗದಂತೆ ನೋಡಿಕೊಳ್ಳಬೇಕಾದರೆ ತಯಾರಿ ಒಂದು ತಿಂಗಳ ಮೊದಲು ಶಾಲೆಯಲ್ಲಿ ಶುರುವಾಗಬೇಕು. ಹೆಣ್ಣುಮಕ್ಕಳ ವಿಷಯ ನೋಡಿಕೊಳ್ಳುವ ಮಕ್ಕಳ ಗುಂಪಾದ ಮೀನಾ ತಂಡ ಹೆಚ್ಚಿನ ಶಾಲೆಗಳಲ್ಲಿ ಕಾಗದದ ಮೇಲಾದರೂ ಇದೆ, ಅದಕ್ಕೆ ಜೀವ ತುಂಬಿ. ಹುಡುಗಿಯರು ಪ್ರತ್ಯೇಕವಾಗಿ ಕೂತು ಒಂದು ಪಟ್ಟಿ ಮಾಡಲಿ, ಹುಡುಗರು ಒಂದು ಮಾಡಲಿ, ಆಮೇಲೆ ಎರಡನ್ನೂ ಒಟ್ಟಿಗೆ ಓದಲಿ. ಹುಡುಗಿಯರ ಪಟ್ಟಿಯಲ್ಲಿ ಬಸ್ ನಿಲ್ದಾಣದ ಹತ್ತಿರದ ಮದ್ಯದ ಅಂಗಡಿ, ದಾರಿಯ ಬೀದಿದೀಪ, ಪ್ಯಾಡ್ ಸುಡುವ ವ್ಯವಸ್ಥೆ ಇಂಥವು ಇರುತ್ತವೆ. ಹುಡುಗರ ಪಟ್ಟಿಯಲ್ಲಿ ಅವು ಇರುವುದು ಅಪರೂಪ. ಬೀದಿದೀಪದ ಬೇಡಿಕೆಯನ್ನು ಹುಡುಗನೇ ಎದ್ದು ಓದಲಿ, ವಾಲಿಬಾಲ್ ನೆಟ್ಟಿನ ಬೇಡಿಕೆಯನ್ನು ಹುಡುಗಿ ಓದಲಿ.

ಶುಚಿ ಯೋಜನೆಯ ಉದಾಹರಣೆ ನೆನಪಿಡಿ. ಶಾಲೆಯ ಹೆಣ್ಣುಮಕ್ಕಳಿಗೆ ಉಚಿತವಾಗಿ ಪ್ಯಾಡ್ ಕೊಡುವ ಈ ಯೋಜನೆ 2013-14ರಲ್ಲಿ ಶುರುವಾಗಿ, ಕೋವಿಡ್ ಹೊತ್ತಿಗೆ ನಿಂತುಹೋಗಿ, ಮತ್ತೆ ಆರಂಭವಾಗಲು 2024ರ ತನಕ ಕಾಯಬೇಕಾಯಿತು. ನಡುವಿನ ವರ್ಷಗಳಲ್ಲಿ ಎಂಟನೇ ತರಗತಿಗೆ ಬಂದ ಹುಡುಗಿಯರು ಪ್ಯಾಡ್ ನೋಡದೆಯೇ ಹತ್ತನೇ ತರಗತಿ ಮುಗಿಸಿ ಹೋದರು. ಪ್ರತಿ ಮಕ್ಕಳ ಗ್ರಾಮ ಸಭೆಯ ನಡಾವಳಿಯಲ್ಲಿ "ನಮಗೆ ಈ ವರ್ಷ ಪ್ಯಾಡ್ ಬಂದಿಲ್ಲ" ಎಂಬ ಒಂದು ಸಾಲು ದಾಖಲಾಗಿದ್ದರೆ, ಆ ಮೌನ ಅಷ್ಟು ಉದ್ದ ಆಗುತ್ತಿರಲಿಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ. ಮಕ್ಕಳು ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಅವರದೇ ಮಾತಿನಲ್ಲಿ ಬರಲಿ. ಪಕ್ಕದ ಕಾಲಂನಲ್ಲಿ ಯಾರು, ಯಾವ ತಾರೀಖಿನೊಳಗೆ ಮಾಡುತ್ತಾರೆ ಎಂದು ಬರೆಸಿ. ಆಗದಿದ್ದರೆ ಯಾಕೆ ಆಗುವುದಿಲ್ಲ ಎಂದೂ ಬರೆಸಿ. "ಹಣ ಇಲ್ಲ" ಎನ್ನುವುದೂ ಒಂದು ಉತ್ತರವೇ, ಮಕ್ಕಳು ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಅವರಿಗೆ ಅರ್ಥವಾಗದ್ದು ಉತ್ತರವೇ ಬಾರದಿರುವುದು.

ಮಾತು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಶಿಕ್ಷಕಿ ಒಂದು ಪ್ರಶ್ನೆ ಕೇಳಿದರು: ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡ ಇರುವಾಗ ಇದಕ್ಕೆಲ್ಲ ಸಮಯ ಎಲ್ಲಿ? ನಿಮ್ಮ ಕಷ್ಟ ನನಗೆ ಗೊತ್ತು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿನಿಂದ ಬರುವ ಫೋನುಗಳೂ ಗೊತ್ತು. ಆದರೆ ಆ ಫಲಿತಾಂಶವನ್ನೇ ತೆಗೆದು ನೋಡೋಣ. 2024ರಲ್ಲಿ ರಾಜ್ಯದಲ್ಲಿ ಪಾಸಾದ ಹುಡುಗಿಯರು ನೂರಕ್ಕೆ 81.11, ಹುಡುಗರು 65.90. ಹದಿನೈದು ಅಂಕಿಗಳ ಅಂತರ. ಹುಡುಗಿಯರು ಹೀಗೆ ಪಾಸಾಗಿಯೂ ಅವರಲ್ಲಿ ಎಷ್ಟೋ ಜನ ಪಿಯು ಕಾಲೇಜು ದೂರ ಎಂದು ಮನೆಯಲ್ಲಿ ಉಳಿಯುತ್ತಾರೆ. ಇತ್ತ ಮೂರರಲ್ಲಿ ಒಬ್ಬ ಹುಡುಗ ಫೇಲು. ಓದುವುದು ಹುಡುಗಿಯರ ಗುಣ, ಶಿಸ್ತು ಹುಡುಗಿಯರ ಗುಣ ಎಂದು ನಾವೇ ಹುಡುಗನ ತಲೆಗೆ ತುಂಬಿದ್ದೇವೆ. ಜೊತೆಗೆ ಹದಿನೈದಕ್ಕೇ ದುಡಿಮೆಗೆ ಹೊರಡುವುದು ಗಂಡಸಿನ ಲಕ್ಷಣ ಎಂದೂ ಹೇಳಿದ್ದೇವೆ. ಹಾಗಾಗಿ ಇದು ಫಲಿತಾಂಶಕ್ಕೆ ಅಡ್ಡ ಬರುವ ಕೆಲಸ ಎಂದು ನನಗೆ ಅನಿಸುವುದಿಲ್ಲ. ಹರಿಯಾಣದಲ್ಲಿ ಮೂರು ವಾರಕ್ಕೊಂದು ಪೀರಿಯಡ್ ಸಾಕಾಯಿತು. ನಿಮ್ಮ ವೇಳಾಪಟ್ಟಿಯಲ್ಲಿ ಶನಿವಾರದ ಕೊನೆಯ ಪೀರಿಯಡ್ ಇದೆ, ಅದರಲ್ಲಿ ತಿಂಗಳಿಗೊಂದನ್ನು ಇದಕ್ಕೆ ಕೊಡಿ. ಆ ದಿನ ಸಲಹಾ ಪೆಟ್ಟಿಗೆಯನ್ನು ಶಾಲಾ ಸಂಸತ್ತಿನ ಒಬ್ಬ ಹುಡುಗಿ, ಒಬ್ಬ ಹುಡುಗ ಮತ್ತು ಒಬ್ಬ ಶಿಕ್ಷಕಿ ಸೇರಿ ತೆರೆಯಲಿ. ಹೆಸರು ಹೊರಗೆ ಬರಬಾರದ ಚೀಟಿ, ಮಗುವಿನ ಸುರಕ್ಷತೆಯ ಚೀಟಿ ನೇರವಾಗಿ ಶಿಕ್ಷಕಿಯ ಕೈಗೆ ಹೋಗಲಿ. ಉಳಿದವನ್ನು ಎಲ್ಲರ ಮುಂದೆ ಓದಿ, ಹಿಂದಿನ ತಿಂಗಳ ಚೀಟಿಗಳಿಗೆ ಏನಾಯಿತು ಎಂದು ಮುಖ್ಯೋಪಾಧ್ಯಾಯರು ಎದ್ದು ನಿಂತು ಹೇಳಲಿ.